ಮುಂಬದಿ ಜಾಹೀರಾತು, ಹಿಂಬದಿ ಕಾನೂನು

ತಾಳವಾಡಿಯ ಯಾವ ದಿನಸಿ ಅಂಗಡಿಗೆ ಹೋದರೂ ಕಣ್ಣಿಗೆ ಮೊದಲು ಬೀಳುವುದು ಬಾಗಿಲ ಚೌಕಟ್ಟಿನಲ್ಲಿ ತೂಗುಬಿಟ್ಟ ಶಾಂಪೂ ಪ್ಯಾಕೆಟ್ಟುಗಳ ಸರ. ಕೆಲವು ಚಾಮರಾಜನಗರದ ಸಗಟು ಅಂಗಡಿಯಿಂದ ಬಂದಿರುತ್ತವೆ, ಕೆಲವು ದಿಂಬಂ ಘಾಟಿಯ 27 ತಿರುವು ಹತ್ತಿ ಸತ್ಯಮಂಗಲದಿಂದ ಬಂದಿರುತ್ತವೆ. ಮುಂಬದಿಯಲ್ಲಿ ಒಂದರ ಮೇಲೆ ಕನ್ನಡ, ಇನ್ನೊಂದರ ಮೇಲೆ ತಮಿಳು. ಈರೋಡು ಜಿಲ್ಲೆಗೆ ಸೇರಿದ ಈ ಮಲೆಸೀಮೆಯಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು. ಹಾಗಾಗಿ ಎರಡನ್ನೂ ಓದಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಪ್ಯಾಕೆಟ್ ತಿರುಗಿಸಿದರೆ ಎರಡು ಭಾಷೆಯೂ ಮಾಯ. ಅಲ್ಲಿರುವುದು ಇಂಗ್ಲಿಷ್, ಅದರೊಳಗೆ ಒಂದಿಷ್ಟು ಲ್ಯಾಟಿನ್, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣಕ್ಷರದಲ್ಲಿ.

ಇದು ಕಂಪನಿಗಳ ಕುತಂತ್ರವೇನಲ್ಲ, ಕಾನೂನೇ ಹಾಗಿದೆ. 2011ರ ಪ್ಯಾಕ್ ಮಾಡಿದ ಸರಕುಗಳ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆ ಬೇಕಿದ್ದರೆ ಸೇರಿಸಬಹುದು, ಸೇರಿಸದಿದ್ದರೆ ಕೇಳುವವರಿಲ್ಲ. ಆದ್ದರಿಂದ ಮುಂಬದಿಯಲ್ಲಿ ನಮ್ಮ ಭಾಷೆಯಲ್ಲಿ ಮಾತಾಡುವುದು ಜಾಹೀರಾತು. ಹಿಂಬದಿಯಲ್ಲಿ ಪರಭಾಷೆಯಲ್ಲಿ ಪಿಸುಗುಟ್ಟುವುದು ಕಾನೂನು. ಓದಬೇಕಾದ್ದು ಹಿಂಬದಿಯನ್ನು. ಅದಕ್ಕೆ ರಸಾಯನಶಾಸ್ತ್ರ ಕಲಿಯಬೇಕಿಲ್ಲ. ಹತ್ತು ಹದಿನೈದು ಹೆಸರು ಗುರುತು ಸಿಕ್ಕರೆ ಮನೆಯ ಬಚ್ಚಲಿನಲ್ಲಿರುವ ಮುಕ್ಕಾಲುಪಾಲು ಸಾಮಾನು ಅರ್ಥವಾಗುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜನರ ಭಯ ತಪ್ಪು ಜಾಗದಲ್ಲಿದೆ. ಮೊಬೈಲಿನ ವಿಡಿಯೋ ನೋಡಿ ಶಾಂಪೂವಿನ ಸಲ್ಫೇಟ್‌ಗೆ ಹೆದರುವ ಮನೆಯಲ್ಲೇ, ತಯಾರಕರ ವಿಳಾಸವಿಲ್ಲದ ಬಿಳುಪಿನ ಕ್ರೀಮಿನ ಡಬ್ಬಿ ಕನ್ನಡಿಯ ಹಿಂದೆ ಇರುತ್ತದೆ. ಸಲ್ಫೇಟ್‌ನಿಂದ ಆಗುವುದು ಹೆಚ್ಚೆಂದರೆ ಚರ್ಮದ ಒಣಕಲು. ಆ ಡಬ್ಬಿಯಿಂದ ಕಿಡ್ನಿ ಹೋಗಬಹುದು.

ಶಾಂಪೂವಿನಿಂದ ಶುರುಮಾಡೋಣ. 'ಸೀಗೆಕಾಯಿ ಸತ್ವವುಳ್ಳದ್ದು' ಎಂದು ಮುಂದೆ ದೊಡ್ಡದಾಗಿ ಬರೆದು ಕಾಯಿಯ ಚಿತ್ರ ಹಾಕಿರುವ ಒಂದು ಬಾಟಲಿಯನ್ನು ತಿರುಗಿಸಿ. ಸಾಮಾನ್ಯವಾಗಿ ಪಟ್ಟಿ ಹೀಗಿರುತ್ತದೆ: ಆಕ್ವಾ, ಸೋಡಿಯಂ ಲಾರೆತ್ ಸಲ್ಫೇಟ್, ಕೊಕಮಿಡೊಪ್ರೊಪೈಲ್ ಬೀಟೇನ್, ಸೋಡಿಯಂ ಕ್ಲೋರೈಡ್, ಗ್ಲೈಕಾಲ್ ಡಿಸ್ಟಿಯರೇಟ್, ಡೈಮೆಥಿಕೋನ್, ಪರ್ಫ್ಯೂಮ್, ಗ್ವಾರ್ ಎಂದು ಶುರುವಾಗುವ ಒಂದು ಉದ್ದನೆಯ ಹೆಸರು, ಫಿನಾಕ್ಸಿಎಥನಾಲ್, ಡೈಸೋಡಿಯಂ ಇಡಿಟಿಎ, ಸಿಟ್ರಿಕ್ ಆಸಿಡ್, ಅಕೇಶಿಯ ಕಾನ್ಸಿನ್ನ, ಸಿಐ 19140, ಸಿಐ 42090.

ಆಕ್ವಾ ಎಂದರೆ ನೀರು. ಕೊಳ್ಳುವ ಶಾಂಪೂವಿನಲ್ಲಿ ಬಹುಪಾಲು ಅದೇ. ಸೋಡಿಯಂ ಲಾರೆತ್ ಸಲ್ಫೇಟ್ ನೊರೆ ತರಿಸಿ ಜಿಡ್ಡು ಬಿಡಿಸುವ ಮುಖ್ಯ ವಸ್ತು. ಕೊಕಮಿಡೊಪ್ರೊಪೈಲ್ ಬೀಟೇನ್ ತೆಂಗಿನೆಣ್ಣೆಯ ಮೂಲದ್ದು, ಮೊದಲನೆಯದರ ಖಾರ ತಗ್ಗಿಸುತ್ತದೆ. ಸೋಡಿಯಂ ಕ್ಲೋರೈಡ್ ನಮ್ಮ ಅಡುಗೆ ಉಪ್ಪೇ. ತೆಳ್ಳಗಿರುವುದನ್ನು ಗಟ್ಟಿ ಮಾಡಲು ಹಾಕುತ್ತಾರೆ. ಶಾಂಪೂ ಮಂದವಾಗಿದ್ದರೆ ಸತ್ವ ಹೆಚ್ಚು ಎಂದುಕೊಳ್ಳುವವರು ಇದನ್ನು ಗಮನಿಸಬೇಕು. ಗ್ಲೈಕಾಲ್ ಡಿಸ್ಟಿಯರೇಟ್ ಮುತ್ತಿನ ಹೊಳಪಿಗೆ. ಡೈಮೆಥಿಕೋನ್ ಸಿಲಿಕೋನ್ ಜಾತಿಯದು. ಕೂದಲಿಗೆ ತೆಳುಪದರ ಕೊಟ್ಟು ಸಿಕ್ಕು ಬಿಡಿಸುತ್ತದೆ. ಗ್ವಾರ್ ಎಂದರೆ ಗೋರಿಕಾಯಿ. ಪಲ್ಯ ಮಾಡುವ ಆ ಕಾಯಿಯ ಬೀಜದಿಂದ ತೆಗೆದ ಅಂಟನ್ನು ಬದಲಾಯಿಸಿ ಕೂದಲು ನಯವಾಗಲು ಸೇರಿಸುತ್ತಾರೆ. ಫಿನಾಕ್ಸಿಎಥನಾಲ್ ಕೆಡದಂತೆ ಕಾಯುತ್ತದೆ. ಇಡಿಟಿಎ ನೀರಿನ ಸುಣ್ಣದಂಶವನ್ನು ಹಿಡಿದಿಡುತ್ತದೆ. ಬೋರ್‌ವೆಲ್ ನೀರು ಗಡಸಾಗಿರುವ ಊರುಗಳಲ್ಲಿ ಸೋಪು ನೊರೆ ಕೊಡದಿದ್ದರೂ ಶಾಂಪೂ ಕೊಡುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ. ಕೊನೆಯ ಎರಡು ಸಂಖ್ಯೆಗಳು ಬಣ್ಣ: 19140 ಹಳದಿ, 42090 ನೀಲಿ. ಎರಡೂ ಸೇರಿದರೆ ಹಸಿರು. ಗಿಡಮೂಲಿಕೆಯ ಹಸಿರೆಂದು ನಾವು ನಂಬಿದ್ದು ಈ ಎರಡು ಹನಿ.

ಹಾಗಾದರೆ ಅಕೇಶಿಯ ಕಾನ್ಸಿನ್ನ? ಅದೇ ಸೀಗೆಕಾಯಿ. ಪಟ್ಟಿಯಲ್ಲಿ ಇದೆ, ಕಂಪನಿ ಸುಳ್ಳು ಹೇಳಿಲ್ಲ. ಎಲ್ಲಿದೆ ಎಂಬುದು ಪ್ರಶ್ನೆ. 2020ರ ಡಿಸೆಂಬರಿನಲ್ಲಿ ಬಂದ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಶೇಕಡಾ ಒಂದಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲೇ ಬರೆಯಬೇಕು. ಶೇಕಡಾ ಒಂದು ಮತ್ತು ಅದಕ್ಕಿಂತ ಕಡಿಮೆ ಇರುವುದನ್ನು ಆಮೇಲೆ ಹೇಗೆ ಬೇಕಾದರೂ ಬರೆಯಬಹುದು. ಇಲ್ಲೊಂದು ಉಪಾಯ ಇದೆ. ಫಿನಾಕ್ಸಿಎಥನಾಲ್‌ಗೆ ಯುರೋಪಿನಲ್ಲಿ ಮಿತಿಯೇ ಶೇ. 1, ತಯಾರಕರು ಅದನ್ನು ಮೀರಿ ಹಾಕುವುದಿಲ್ಲ. ಪಟ್ಟಿಯಲ್ಲಿ ಆ ಹೆಸರಿನ ಕೆಳಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಗೆರೆಯಿಂದಾಚೆಗೆ ಬರುವ ಸೀಗೆ, ನೆಲ್ಲಿ, ಲೋಳೆಸರ, ಭೃಂಗರಾಜ ಯಾವುದೇ ಆಗಲಿ ನೂರರಲ್ಲಿ ಒಂದು ಪಾಲೂ ಇರಲಿಕ್ಕಿಲ್ಲ. ಆ ಒಂದು ಪಾಲೂ 'ಎಕ್ಸ್‌ಟ್ರ್ಯಾಕ್ಟ್' ಎಂದಿದ್ದರೆ ಅದರಲ್ಲಿ ಮತ್ತೆ ಬಹುಪಾಲು ನೀರೋ ಗ್ಲಿಸರಿನ್ನೋ ಆಗಿರಬಹುದು. ಫಿನಾಕ್ಸಿಎಥನಾಲ್ ಇಲ್ಲದಿದ್ದರೆ ಮಿಥೈಲ್‌ಪ್ಯಾರಾಬೆನ್ ಅಥವಾ ಇಡಿಟಿಎ ಹುಡುಕಿ; ಅವೂ ಚಿಟಿಕೆಯ ಲೆಕ್ಕದವೇ.

ಈ ಗೆರೆಯ ಲೆಕ್ಕ ತಿಳಿದಮೇಲೆ ಗಿಡಮೂಲಿಕೆ ಶಾಂಪೂಗೆ ಇಮ್ಮಡಿ ಬೆಲೆ ಕೊಡುವ ಆಸೆ ತಾನಾಗಿ ಇಳಿಯುತ್ತದೆ. ಸೀಗೆಕಾಯಿಯೇ ಬೇಕೆನ್ನುವವರಿಗೆ ಈ ಬೆಟ್ಟಸಾಲಿನಲ್ಲಿ ಬರವೇ? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಸೀಗೆ, ಅಂಟುವಾಳ, ಜೇನು ಮಾರುತ್ತ ಬಂದವರು. ಚಿಗರೆಪುಡಿ ಇದೆ; ಘಾಟಿ ಇಳಿದರೆ ಅದೇ ಜಾತಿಯ ಸೊಪ್ಪಿನ ಪುಡಿಯನ್ನು ಅರಪ್ಪು ಎಂದು ಸಂತೆಯಲ್ಲಿ ಅಳೆದುಕೊಡುತ್ತಾರೆ. ಸೀಗೆ, ಅಂಟುವಾಳಗಳಲ್ಲಿ ನೊರೆ ಬರುವುದು ಸಪೋನಿನ್ ಎಂಬ ಅಂಶದಿಂದ. ಅದೂ ರಾಸಾಯನಿಕವೇ, ಕಣ್ಣಿಗೆ ಬಿದ್ದರೆ ಶಾಂಪೂಗಿಂತ ಜೋರಾಗಿ ಉರಿಯುತ್ತದೆ. ಅಜ್ಜಿಯ ಮುಂದೆ ತಲೆಬಗ್ಗಿಸಿ ಕೂತವರಿಗೆಲ್ಲ ಗೊತ್ತು. ಬಿಡಿಯಾಗಿ ಮಾರುವ ಪುಡಿಗೆ ಲೇಬಲ್ಲೇ ಇರುವುದಿಲ್ಲ, ಆದ್ದರಿಂದ ಕಾಯಿ ಕೊಂಡು ಒಣಗಿಸಿ ಗಿರಣಿಯಲ್ಲಿ ಪುಡಿ ಮಾಡಿಸುವುದೇ ಮೇಲು.

ಈಗ ತೂಗುಬಿಟ್ಟ ಆ ಸರಕ್ಕೆ ಬರೋಣ. ಶಾಂಪೂವನ್ನು ಪುಟ್ಟ ಪ್ಯಾಕೆಟ್ಟಿನಲ್ಲಿ ಮಾರುವ ಉಪಾಯ ಬೆಳೆದದ್ದು ತಮಿಳುನಾಡಿನಲ್ಲೇ. ಕಡಲೂರಿನ ಚಿನ್ನಿ ಕೃಷ್ಣನ್ ಅದರ ಪಿತಾಮಹ ಎನಿಸಿಕೊಂಡವರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಶುರುಮಾಡಿ ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದರು. ಕೂಲಿಯವರ ಕೈಗೆಟುಕುವಂತೆ ಮಾಡಿದ ದೊಡ್ಡ ಕೆಲಸ ಅದು, ಅಲ್ಲಗಳೆಯುವಂತಿಲ್ಲ. ಆದರೆ ಕಾನೂನಿನಲ್ಲಿ ಒಂದು ಕಿಂಡಿ ಇದೆ: ದ್ರವವಾದರೆ 60 ಮಿಲಿಲೀಟರ್‌ಗಿಂತ, ಗಟ್ಟಿ ಅಥವಾ ಕ್ರೀಮಾದರೆ 30 ಗ್ರಾಂಗಿಂತ ಕಡಿಮೆಯ ಪ್ಯಾಕಿನ ಮೇಲೆ ಪದಾರ್ಥಗಳ ಪಟ್ಟಿ ಹಾಕಲೇಬೇಕೆಂದಿಲ್ಲ. ಹಲವು ಕಂಪನಿಗಳು ಹಾಕುತ್ತವೆ, ಕೆಲವು ಹಾಕುವುದಿಲ್ಲ. ಐನೂರು ರೂಪಾಯಿಯ ಬಾಟಲಿ ಕೊಳ್ಳುವ ಪೇಟೆಯವರಿಗೆ ತಿಳಿಯುವ ಹಕ್ಕಿದೆ. ತಾಳವಾಡಿಯ ಕೋಸು, ಬೆಳ್ಳುಳ್ಳಿ ಹೊಲದಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡಿ ಸಂಜೆ ಒಂದು ಪ್ಯಾಕೆಟ್ ಹರಿಯುವವರಿಗೆ ಇಲ್ಲ. ಇದನ್ನು ಸರಿಪಡಿಸುವುದು ಕಷ್ಟದ ಕೆಲಸವಲ್ಲ, ಯಾರಿಗೂ ತುರ್ತು ಇಲ್ಲ ಅಷ್ಟೆ. ಸದ್ಯಕ್ಕೆ ದಾರಿ ಒಂದೇ. ಅದೇ ಬ್ರ್ಯಾಂಡಿನ ದೊಡ್ಡ ಬಾಟಲಿ ಅಂಗಡಿಯಲ್ಲಿದ್ದರೆ ಅದರ ಹಿಂಬದಿ ಓದಿ, ಆಮೇಲೆ ಪ್ಯಾಕೆಟ್ ಕೊಳ್ಳಿ. ಬಹುತೇಕ ಮಾಲು ಒಂದೇ ಇರುತ್ತದೆ.

ಸಲ್ಫೇಟ್, ಪ್ಯಾರಾಬೆನ್ ಎಂಬ ಎರಡು ಭೂತಗಳ ವಿಚಾರ. ಸೋಡಿಯಂ ಲಾರಿಲ್ ಸಲ್ಫೇಟ್ ಬೇರೆ, ಸೋಡಿಯಂ ಲಾರೆತ್ ಸಲ್ಫೇಟ್ ಬೇರೆ. ಮೊದಲನೆಯದು ಹೆಚ್ಚು ಖಾರ, ಎರಡನೆಯದು ಮೆತ್ತಗೆ. ಇಸುಬು ಇರುವವರು, ಚರ್ಮ ಬೇಗ ಒಡೆಯುವವರು ಮೊದಲನೆಯದನ್ನು ಬಿಡುವುದು ಒಳ್ಳೆಯದು. ಇವು ಕ್ಯಾನ್ಸರ್ ತರುತ್ತವೆ ಎಂಬುದು 1990ರ ದಶಕದ ಕೊನೆಯಲ್ಲಿ ಇ-ಮೇಲ್ ಮೂಲಕ ಹಬ್ಬಿದ ವದಂತಿ, ಈಗ ವಾಟ್ಸಾಪಿಗೆ ವಲಸೆ ಬಂದಿದೆ. ಅದಕ್ಕೆ ಆಧಾರ ಸಿಕ್ಕಿಲ್ಲ.

ಪ್ಯಾರಾಬೆನ್ ಕಥೆ ಇನ್ನೂ ಸ್ವಾರಸ್ಯದ್ದು. 2004ರಲ್ಲಿ ಬ್ರಿಟನ್ನಿನ ಫಿಲಿಪ್ಪಾ ಡಾರ್ಬ್ರೆ ಎಂಬ ವಿಜ್ಞಾನಿ ಸ್ತನದ ಗಡ್ಡೆಗಳಲ್ಲಿ ಪ್ಯಾರಾಬೆನ್ ಅಂಶ ಕಂಡಿತೆಂದು ಬರೆದರು. ಅದರಿಂದಲೇ ಗಡ್ಡೆಯಾಯಿತೆಂದು ಆ ಅಧ್ಯಯನ ಹೇಳಿರಲಿಲ್ಲ, ಆರೋಗ್ಯವಂತರ ಅಂಗಾಂಶದೊಂದಿಗೆ ಹೋಲಿಸಿಯೂ ಇರಲಿಲ್ಲ. ಆದರೂ ಹೆದರಿಕೆ ಹರಡಿತು. ಯುರೋಪ್ 2014ರಲ್ಲಿ ಸರಿಯಾದ ಮಾಹಿತಿ ಇಲ್ಲದ ಐದು ಬಗೆಯ ಪ್ಯಾರಾಬೆನ್ ನಿಷೇಧಿಸಿತು. ಮಿಥೈಲ್, ಈಥೈಲ್ ಬಗೆಯವನ್ನು ಮಿತಿಯೊಳಗೆ ಬಳಸಬಹುದೆಂದಿತು. ಕಂಪನಿಗಳು ಮಾತ್ರ 'ಪ್ಯಾರಾಬೆನ್ ಇಲ್ಲ' ಎಂದು ಬರೆಯುವ ಹಂಬಲದಲ್ಲಿ ಬೇರೆ ಸಂರಕ್ಷಕಗಳ ಮೊರೆಹೋದವು. ಅವುಗಳಲ್ಲೊಂದು ಮಿಥೈಲ್‌ಐಸೊಥಯಾಜೊಲಿನೋನ್. ಅದರಿಂದ ಚರ್ಮದ ಅಲರ್ಜಿ ಎಷ್ಟು ಏರಿತೆಂದರೆ ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2013ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕ ಎಂದು ಸಾರಿತು. ಅದೇ ಸಂಘ 2019ರಲ್ಲಿ ಪ್ಯಾರಾಬೆನ್ನನ್ನು ಅಲರ್ಜಿ ತರದ ವಸ್ತು ಎಂದು ವಿಶೇಷವಾಗಿ ಹೆಸರಿಸಿತು. ಹಾಗಾಗಿ ಕ್ರೀಮು, ಲೋಷನ್ನಿನಂಥ ತೊಳೆಯದೆ ಬಿಡುವ ವಸ್ತುವಿನ ಮೇಲೆ 'ಐಸೊಥಯಾಜೊಲಿನೋನ್' ಎಂದು ಕೊನೆಯಾಗುವ ಹೆಸರು ಕಂಡರೆ ವಾಪಸ್ ಇಡಿ. 'ಡಿಎಂಡಿಎಂ ಹೈಡಂಟಾಯಿನ್' ಎಂದಿದ್ದರೆ ಅದು ಸ್ವಲ್ಪಸ್ವಲ್ಪವೇ ಫಾರ್ಮಾಲ್ಡಿಹೈಡ್ ಬಿಡುವ ಸಂರಕ್ಷಕ. ಅಲರ್ಜಿ ಇರುವವರಿಗೆ ಹೇಳಿಸಿದ್ದಲ್ಲ.

ಸೋಪಿನಲ್ಲಿ ನೋಡಬೇಕಾದ್ದು ಒಂದೇ ಅಂಕಿ: ಟಿಎಫ್ಎಂ. ಸೋಪಿನಲ್ಲಿ ಎಣ್ಣೆ-ಕೊಬ್ಬಿನ ಅಂಶ ನೂರಕ್ಕೆ ಎಷ್ಟು ಎಂಬ ಲೆಕ್ಕ ಅದು. ಭಾರತೀಯ ಮಾನಕದಂತೆ ಶೇ. 76 ಮತ್ತು ಮೇಲಿದ್ದರೆ ಒಂದನೇ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. 'ಬೇದಿಂಗ್ ಬಾರ್' ಎಂದು ಬರೆದಿದ್ದರೆ ಅದು ಈ ಮೂರರಲ್ಲಿ ಯಾವುದೂ ಅಲ್ಲ, ಅದಕ್ಕೆ ಶೇ. 40 ಇದ್ದರೂ ಸಾಕು. ಟಿಎಫ್ಎಂ ಕಡಿಮೆ ಇರುವ ಸೋಪು ತಟ್ಟೆಯಲ್ಲಿ ಬೇಗ ಕರಗಿ ಲೊಳಲೊಳ ಆಗುತ್ತದೆ, ಬೆಲೆ ಅಗ್ಗವೆನಿಸಿದರೂ ತಿಂಗಳ ಲೆಕ್ಕದಲ್ಲಿ ನಷ್ಟ. ನಮ್ಮ ಮೈಸೂರ್ ಸ್ಯಾಂಡಲ್ ಸೋಪಿನ ಹೊದಿಕೆ ನೋಡಿ: ಒಂದನೇ ದರ್ಜೆ, ಟಿಎಫ್ಎಂ ಶೇ. 80. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. ಅದರ ಬೆನ್ನಿಗೆ ಬಂದದ್ದು ಈ ಸೋಪು. ಉಳಿದ ಎಷ್ಟೋ 'ಗಂಧದ' ಸೋಪುಗಳ ಪಟ್ಟಿಯಲ್ಲಿ ಸ್ಯಾಂಟಲಂ ಆಲ್ಬಂ ಎಂಬ ಹೆಸರೇ ಇರುವುದಿಲ್ಲ, ಬರೀ 'ಪರ್ಫ್ಯೂಮ್' ಇರುತ್ತದೆ. ಗಂಧದ ಮರಕ್ಕಾಗಿ ಇದೇ ಕಾಡುಗಳಲ್ಲಿ ಏನೇನು ನಡೆಯಿತೆಂದು ಕಂಡ ಊರಿನವರಿಗೆ, ಹತ್ತು ರೂಪಾಯಿ ಸೋಪಿನಲ್ಲಿ ಅಸಲಿ ಗಂಧದೆಣ್ಣೆ ಇರಲಾರದೆಂದು ಬೇರೆ ಹೇಳಬೇಕಿಲ್ಲ.

ಸಸ್ಯಾಹಾರಿಗಳಿಗೆ ಒಂದು ಸೂಚನೆ: 'ಸೋಡಿಯಂ ಪಾಮೇಟ್' ತಾಳೆಎಣ್ಣೆ, 'ಸೋಡಿಯಂ ಕೊಕೊಯೇಟ್' ತೆಂಗಿನೆಣ್ಣೆ, 'ಸೋಡಿಯಂ ಟ್ಯಾಲೋವೇಟ್' ಪ್ರಾಣಿಕೊಬ್ಬು. ಹಸಿರು ಚುಕ್ಕೆ ಹೇಳುವುದು ಪ್ರಾಣಿಮೂಲ ಇಲ್ಲ ಎಂದಷ್ಟೆ. ಅದು 'ನ್ಯಾಚುರಲ್' ಎಂಬ ಗುರುತಲ್ಲ. ಟೂತ್‌ಪೇಸ್ಟ್ ಟ್ಯೂಬಿನ ತಳದಲ್ಲಿರುವ ಹಸಿರು, ಕೆಂಪು, ಕಪ್ಪು ಪಟ್ಟಿಗೂ ಒಳಗಿನ ಮಾಲಿಗೂ ಸಂಬಂಧವೇ ಇಲ್ಲ. ಎಲ್ಲಿ ಕತ್ತರಿಸಬೇಕೆಂದು ಕಾರ್ಖಾನೆಯ ಯಂತ್ರಕ್ಕೆ ತೋರಿಸುವ ಗುರುತು ಅದು.

ಅರಿಶಿನದ ಮಾತು ಬಾರದೆ ಈರೋಡು ಜಿಲ್ಲೆಯ ಲೇಖನ ಮುಗಿಯುವುದುಂಟೇ? ಈರೋಡಿನ ಅರಿಶಿನಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ಅರಿಶಿನದ ಕ್ರೀಮಿನಲ್ಲಿ, ಸೋಪಿನಲ್ಲಿ ಕರ್ಕ್ಯುಮ ಲಾಂಗ ಎಂಬ ಹೆಸರು ಬಹುಮಟ್ಟಿಗೆ ಆ ಒಂದು ಶೇಕಡಾ ಗೆರೆಯ ಕೆಳಗೇ ಇರುತ್ತದೆ. ಹಳದಿ ಕೊಡುವುದು ಸಿಐ ಸಂಖ್ಯೆಯ ಬಣ್ಣ. ಕಸ್ತೂರಿ ಅರಿಶಿನ ಎಂದು ಗಾಢ ಹಳದಿಯ ಪುಡಿ ಮಾರುತ್ತಾರಲ್ಲ, ಅದು ಹೆಚ್ಚಾಗಿ ಬೇರೆ ಜಾತಿಯ ಗೆಡ್ಡೆ. ನಿಜವಾದ ಕಸ್ತೂರಿ ಅರಿಶಿನ, ಅಂದರೆ ಕರ್ಕ್ಯುಮ ಅರೊಮ್ಯಾಟಿಕ, ತಿಳಿಬಣ್ಣದ್ದು. ಮುಖಕ್ಕೆ ಅಷ್ಟಾಗಿ ಹಳದಿ ಹಿಡಿಯುವುದಿಲ್ಲ. ಕೊಳ್ಳುವಾಗ ಪೊಟ್ಟಣದ ಮೇಲೆ ಈ ಎರಡನೆಯ ಹೆಸರನ್ನೇ ಕೇಳಿ.

ಆಯುರ್ವೇದದ ಹೆಸರಿನ ಸಾಮಾನಿಗೆ ಲೆಕ್ಕ ಬೇರೆ. ಅವುಗಳಿಗೆ ಸಿಗುವುದು ಆಯುರ್ವೇದ ಔಷಧದ ಪರವಾನಗಿ, ಪಟ್ಟಿಯ ರೂಪವೂ ಬದಲು. ಭೃಂಗರಾಜ ಇಷ್ಟು ಮಿಲಿಗ್ರಾಂ, ಆಮಲಕಿ ಇಷ್ಟು ಎಂದು ಗಿಡಮೂಲಿಕೆಗಳನ್ನು ಒಂದೊಂದಾಗಿ ಎಣಿಸಿ, ಕೊನೆಗೆ 'ಬೇಸ್ ಕ್ಯು.ಎಸ್.' ಎಂದು ಮುಗಿಸಿರುತ್ತಾರೆ. ಕ್ಯು.ಎಸ್. ಎಂದರೆ ಬೇಕಾದಷ್ಟು. ನೊರೆ ಕೊಡುವುದು, ಕೆಡದಂತೆ ಕಾಯುವುದು, ಪರಿಮಳ ಎಲ್ಲವೂ ಆ ಎರಡು ಪದದೊಳಗೆ ಅಡಗಿ ಕೂತಿರಬಹುದು. ಕೆಲವು ತಯಾರಕರು ಬೇಸ್‌ನಲ್ಲಿ ಏನಿದೆ ಎಂದು ಬಿಡಿಸಿ ಬರೆಯುತ್ತಾರೆ. ನನ್ನ ಓಟು ಅಂಥವರಿಗೆ.

ತಲೆಗೆ ಹಾಕುವ ಎಣ್ಣೆಯಲ್ಲೂ ಹೀಗೆಯೇ. ಬಾದಾಮಿ, ದಾಸವಾಳ, ಈರುಳ್ಳಿ ಎಂದು ಚಿತ್ರವಿರುವ ಹಗುರ ಎಣ್ಣೆಗಳಲ್ಲಿ ಎಷ್ಟೋ ಸಲ ಮೊದಲ ಹೆಸರು 'ಮಿನರಲ್ ಆಯಿಲ್' ಅಥವಾ 'ಲೈಟ್ ಲಿಕ್ವಿಡ್ ಪ್ಯಾರಫಿನ್'. ಪೆಟ್ರೋಲಿಯಂನಿಂದ ಶುದ್ಧಮಾಡಿದ ಎಣ್ಣೆ ಅದು. ವಿಷವಲ್ಲ, ಜಿಡ್ಡಾಗದೆ ಹೊಳಪು ಕೊಡುತ್ತದೆ; ಆದರೆ ಬಾದಾಮಿಯ ಬೆಲೆ ಏಕೆ ಕೊಡಬೇಕು? ಕೊಬ್ಬರಿ ಎಣ್ಣೆಯ ಪುಟ್ಟ ಬಾಟಲಿ ಅಡುಗೆಯದೋ ತಲೆಯದೋ ಎಂಬ ತೆರಿಗೆ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ 2024ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು: ತಲೆಎಣ್ಣೆ ಎಂದು ಬರೆದು ಮಾರದಿದ್ದರೆ ಅದು ಖಾದ್ಯತೈಲವೇ. ಬಾಟಲಿಯ ಮೇಲೆ ಎಫ್ಎಸ್ಎಸ್ಎಐ ಸಂಖ್ಯೆ ಇದ್ದರೆ ತಿನ್ನಬಹುದಾದ ಎಣ್ಣೆ ಎಂದರ್ಥ. ತಲೆಗೂ ಅದೇ ಸಾಕು.

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ವಿಚಾರ. ಮುಂದಿನದು ಜೀವದ ವಿಚಾರ.

ಕಪ್ಪು ಮೆಹಂದಿ. ಮದರಂಗಿ ಸೊಪ್ಪು, ಲೇಬಲ್ಲಿನಲ್ಲಿ ಲಾಸೋನಿಯ ಇನರ್ಮಿಸ್, ಕೊಡುವ ಬಣ್ಣ ಕಿತ್ತಳೆ-ಕೆಂಪು. ಅದು ಎಂದೂ ಹತ್ತು ನಿಮಿಷದಲ್ಲಿ ಕಪ್ಪಾಗದು. 'ಹರ್ಬಲ್ ಬ್ಲ್ಯಾಕ್ ಮೆಹಂದಿ' ಎಂಬ ಪೊಟ್ಟಣ ಕೂದಲನ್ನು ಕಪ್ಪಗೆ ಮಾಡಿದರೆ ಒಳಗಿರುವುದು ಪ್ಯಾರಾ-ಫೆನಿಲೀನ್‌ಡೈಅಮೈನ್, ಸಂಕ್ಷೇಪದಲ್ಲಿ ಪಿಪಿಡಿ, ಆಗಿರುವ ಸಂಭವವೇ ಹೆಚ್ಚು. ನೀಲಿಗಿಡ, ಅಂದರೆ ಇಂಡಿಗೊಫೆರ ಟಿಂಕ್ಟೋರಿಯ, ಬೆರೆಸಿದ್ದರೆ ಮಾತು ಬೇರೆ. ಪಿಪಿಡಿ ಒಗ್ಗದವರಿಗೆ ಕಣ್ಣುರೆಪ್ಪೆ ಊದಿ, ನೆತ್ತಿ ಸೋರಿ, ಮುಖ ಗುರುತು ಸಿಗದಂತಾಗುತ್ತದೆ. ಹತ್ತು ಸಲ ಒಗ್ಗಿದ್ದು ಹನ್ನೊಂದನೆಯ ಸಲ ಕೈಕೊಡಬಹುದು. ಕೂದಲ ಬಣ್ಣದ ವಿಷಯದಲ್ಲಿ ಮಾತ್ರ ನಮ್ಮ ಕಾನೂನು ಎಚ್ಚರ ವಹಿಸಿದೆ: ಚರ್ಮ ಕೆರಳಬಹುದು, ಮೊದಲು ಪರೀಕ್ಷೆ ಮಾಡಿ, ಹುಬ್ಬು ರೆಪ್ಪೆಗೆ ಹಚ್ಚಿದರೆ ಕಣ್ಣು ಹೋದೀತು ಎಂಬ ಎಚ್ಚರಿಕೆಯನ್ನು ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಗಳಲ್ಲೂ, ಒಳಗೂ ಹೊರಗೂ, ಅಚ್ಚುಹಾಕಬೇಕು. ಆ ಎಚ್ಚರಿಕೆಯೇ ಇಲ್ಲದ ಪೊಟ್ಟಣ ಕೊಳ್ಳಬೇಡಿ. ಕಲಸಿದ ಬಣ್ಣವನ್ನು ಕಿವಿಯ ಹಿಂದೆಯೋ ಮೊಣಕೈ ಒಳಮಡಿಕೆಯಲ್ಲೋ ಕಾಸಿನಗಲ ಹಚ್ಚಿ ಎರಡು ದಿನ ಕಾಯಿರಿ. ಕಡಿತ, ಕೆಂಪು ಕಂಡರೆ ಆ ಪೊಟ್ಟಣ ಕಸಕ್ಕೆ. ಮಕ್ಕಳಿಗೆ ಎಟುಕದ ಕಡೆ ಇಡಿ. ನುಂಗಿದರೆ ಗಂಟಲು, ಕುತ್ತಿಗೆ ಊದಿ ಉಸಿರು ಕಟ್ಟುತ್ತದೆ, ಆಮೇಲೆ ಕಿಡ್ನಿಗೆ ಪೆಟ್ಟು. ಮನೆಮದ್ದು ಮಾಡುತ್ತ ಹೊತ್ತು ಕಳೆಯದೆ ಸೀದಾ ಆಸ್ಪತ್ರೆಗೆ ಹೋಗಬೇಕು.

ಇನ್ನು ಬಿಳುಪಿನ ಕ್ರೀಮು. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಮಂದಿಯನ್ನು ಪರೀಕ್ಷಿಸಿದರು. 15 ಮಂದಿಯಲ್ಲಿ ಅಪರೂಪದ ಒಂದೇ ಗುರುತು ಕಂಡಿತು. ವಿಚಾರಿಸಿದರೆ ಅವರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಅನುಮಾನ ಹೋದದ್ದು ಪಾದರಸದ ಮೇಲೆ. ಪಾದರಸ ಚರ್ಮದ ಬಣ್ಣ ಹುಟ್ಟುವುದನ್ನು ತಡೆಯುತ್ತದೆ, ಹಾಗಾಗಿ ವಾರದಲ್ಲೇ ಬೆಳ್ಳಗಾದಂತೆ ಕಾಣುತ್ತದೆ. ಅದೇ ಹೊತ್ತಿಗೆ ಮೈಯೊಳಗೆ ಇಳಿಯುತ್ತಲೂ ಇರುತ್ತದೆ. ಭಾರತದಲ್ಲಿ ಇಂಥ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ಅರಿಯದೆ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರಕೂಡದು. ಹಾಗಾಗಿ ಕಳ್ಳಮಾಲಿನ ಲೇಬಲ್ಲಿನಲ್ಲಿ ಪಾದರಸದ ಹೆಸರು ಇರುವುದೇ ಇಲ್ಲ. ಇಲ್ಲಿ ಓದಬೇಕಾದ್ದು ಇಲ್ಲದಿರುವುದನ್ನು. ತಯಾರಕರ ಪೂರ್ತಿ ವಿಳಾಸ ಇಲ್ಲ, ಉತ್ಪಾದನಾ ಪರವಾನಗಿ ಸಂಖ್ಯೆ ಇಲ್ಲ, ಬ್ಯಾಚ್ ಸಂಖ್ಯೆ ಇಲ್ಲ, ವಿದೇಶದ್ದಾದರೆ ಆಮದುದಾರರ ಹೆಸರು ಮತ್ತು ನೋಂದಣಿ ಸಂಖ್ಯೆ ಇಲ್ಲ: ಇವುಗಳಲ್ಲಿ ಒಂದು ಕಾಣದಿದ್ದರೂ ಬೇಡ. 'ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ' ಎಂದು ಬರೆದಿದ್ದರಂತೂ ಅದೇ ಸಾಕ್ಷಿ, ಏಕೆಂದರೆ ಲೋಹದೊಂದಿಗೆ ಬೆರೆಯುವ ಗುಣ ಪಾದರಸದ್ದು.

ಔಷಧದಂಗಡಿಯಲ್ಲಿ ಸಿಗುವ ಇನ್ನೊಂದು ಬಗೆಯುಂಟು. ಟ್ಯೂಬಿನ ಎಡಗಡೆ ಕೆಂಪು ಗೆರೆ, ಮೇಲೆ ಆರ್‌ಎಕ್ಸ್ ಗುರುತು, ಪಟ್ಟಿಯಲ್ಲಿ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್. ಇವು ಸ್ಟಿರಾಯ್ಡ್. ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಬಿಗಿ ಮಾಡಲಾಯಿತು. ಆದರೂ 'ಅಣ್ಣಾ, ಮುಖಕ್ಕೆ ಹಚ್ಚೋ ಆ ಟ್ಯೂಬ್ ಕೊಡಿ' ಎಂದರೆ ಕೊಡುವವರಿದ್ದಾರೆ. ಮೊದಲ ತಿಂಗಳು ಮುಖ ಮಿನುಗುತ್ತದೆ. ಆಮೇಲೆ ಚರ್ಮ ಕಾಗದದಷ್ಟು ತೆಳ್ಳಗಾಗಿ ನರ ಕಾಣುತ್ತದೆ, ಮೊಡವೆ ಏಳುತ್ತದೆ, ಬಿಟ್ಟರೆ ಉರಿ, ಹಚ್ಚಿದರೆ ಹಾನಿ. ಮದುವೆಗೆ ಮುಂಚೆ ಹೆಣ್ಣುಮಕ್ಕಳಿಗೆ ಇದನ್ನು ಕೊಡಿಸುವ ಸಂಬಂಧಿಕರಿಗೆ ಒಂದು ಮಾತು: ಬಿಸಿಲಿನಲ್ಲಿ ದುಡಿದ ಮುಖಕ್ಕೆ ಚಿಕಿತ್ಸೆ ಬೇಕಿಲ್ಲ.

ಹಣೆಬೊಟ್ಟಿನದು ಚಿಕ್ಕ ವಿಷಯ, ಕಾಣುವುದು ಮಾತ್ರ ದಿನವೂ. ಸ್ಟಿಕ್ಕರ್ ಇಟ್ಟ ಜಾಗದಲ್ಲಿ ದುಂಡಗೆ ಬಿಳಿ ಮಚ್ಚೆ ಮೂಡಿದರೆ ತೊನ್ನು ಎಂದು ಗಾಬರಿಯಾಗಬೇಡಿ. ಅಂಟಿನಲ್ಲಿರುವ ಬ್ಯುಟೈಲ್‌ಫಿನಾಲ್ ಎಂಬ ಅಂಶ ಬಣ್ಣದ ಕಣಗಳನ್ನು ಕೊಲ್ಲುತ್ತದೆ. ಸ್ಟಿಕ್ಕರ್ ನಿಲ್ಲಿಸಿ ಚರ್ಮದ ವೈದ್ಯರಿಗೆ ತೋರಿಸಿ. ಬೇಗ ಬಿಟ್ಟಷ್ಟೂ ಬಣ್ಣ ಮರಳುವ ಆಸೆ ಹೆಚ್ಚು.

ಹೊಲದವರಿಗೆ ಮತ್ತೊಂದು. ಬದುಗಳಲ್ಲಿ ಬೆಳೆಯುವ ಪಾರ್ಥೇನಿಯಂ ತಾಗಿ ಕುತ್ತಿಗೆ, ಕಣ್ಣು, ಮೊಣಕೈ ಮಡಿಕೆಯಲ್ಲಿ ಕಡಿತ ಏಳುವವರು ನಮ್ಮಲ್ಲಿ ಬಹಳ. ಅಂಥವರಿಗೆ ಅದೇ ಕುಟುಂಬದ ಬೇರೆ ಗಿಡಗಳೂ ಒಗ್ಗದಿರಬಹುದು. 'ಕ್ಯಾಮೊಮಿಲ', 'ಕ್ಯಾಲೆಂಡ್ಯುಲ' ಎಂಬ ಹೆಸರುಗಳಿರುವ ಸೌಮ್ಯವೆನಿಸುವ ಕ್ರೀಮು, ಮಕ್ಕಳ ಲೋಷನ್ನುಗಳು ಆ ಕುಟುಂಬದವೇ. ಗಿಡಮೂಲಿಕೆ ಎಂದಮಾತ್ರಕ್ಕೆ ನಿರುಪದ್ರವಿಯಲ್ಲ ಎಂಬುದಕ್ಕೆ ಪಾರ್ಥೇನಿಯಂಗಿಂತ ದೊಡ್ಡ ಉದಾಹರಣೆ ಬೇಡ, ಅದೂ ಗಿಡವೇ.

ಹಲ್ಲುಪುಡಿ ಬಿಟ್ಟು ಪೇಸ್ಟಿಗೆ ಬಂದವರು ಫ್ಲೋರೈಡ್ ಅಂಕಿ ನೋಡಿ. ಕಾನೂನಿನ ಮಿತಿ 1000 ಪಿಪಿಎಂ, ಟ್ಯೂಬಿನ ಮೇಲೂ ಡಬ್ಬಿಯ ಮೇಲೂ ಬರೆದಿರಬೇಕು. ಹುಳುಕು ತಡೆಯಲು ಅದು ಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು, ಉಗಿಯುವುದನ್ನು ಕಲಿಸಿ. ಪಾವಗಡ, ಧರ್ಮಪುರಿಯಂಥ ಕುಡಿಯುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಕಡೆ ದಂತವೈದ್ಯರನ್ನು ಕೇಳಿ ಕೊಳ್ಳುವುದು ವಾಸಿ.

'ಡರ್ಮಟಾಲಜಿಸ್ಟ್ ಟೆಸ್ಟೆಡ್', 'ಹೈಪೊಅಲರ್ಜೆನಿಕ್', 'ಕೆಮಿಕಲ್ ಫ್ರೀ' ಎಂಬ ಮಾತುಗಳಿಗೆ ನಮ್ಮ ಕಾನೂನಿನಲ್ಲಿ ಅಳತೆಗೋಲಿಲ್ಲ. ನೀರೂ ಕೆಮಿಕಲ್ಲೇ. 'ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ' ಎಂಬುದು ಹೆಗ್ಗಳಿಕೆಯೇನಲ್ಲ, 2014ರಿಂದ ಇಲ್ಲಿ ಅಂಥ ಪರೀಕ್ಷೆಗೆ ನಿಷೇಧವಿದೆ. ಶೇ. 99.9 ಕೀಟಾಣು ನಾಶದ ಸೋಪಿನ ಬಗ್ಗೆ: ಟ್ರೈಕ್ಲೋಸಾನ್ ಸೇರಿ 19 ಕೀಟಾಣುನಾಶಕ ಅಂಶಗಳು ಸಾದಾ ಸೋಪಿಗಿಂತ ಮೇಲೆಂದು ತಯಾರಕರು ತೋರಿಸಲಾಗಲಿಲ್ಲವೆಂದು ಅಮೆರಿಕ 2016ರಲ್ಲಿ ಅವುಗಳನ್ನು ಕೈತೊಳೆಯುವ, ಮೈತೊಳೆಯುವ ಸೋಪುಗಳಿಂದ ತೆಗೆಸಿತು.

ಹೊಸದೇನು ತಂದರೂ ಬಿಲ್ ಇಟ್ಟುಕೊಳ್ಳಿ. ಏನಾದರೂ ಆದರೆ ಪ್ಯಾಕಿನ ನಾಲ್ಕೂ ಬದಿಯ ಫೋಟೋ ತೆಗೆಯಿರಿ, ಬ್ಯಾಚ್ ಸಂಖ್ಯೆ ಸ್ಪಷ್ಟವಾಗಿ ಬೀಳಲಿ. ವೈದ್ಯರ ಬಳಿ ಹೋಗುವಾಗ ಡಬ್ಬಿಯನ್ನೇ ಕೊಂಡೊಯ್ಯಿರಿ, 'ಒಂದು ಕ್ರೀಮು ಹಚ್ಚಿದೆ' ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಹೆಚ್ಚು ದರ, ಸುಳ್ಳು ಲೇಬಲ್, ಕಳಪೆ ಮಾಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದು ಕೆಲಸ ಮಾಡುವ 17 ಭಾಷೆಗಳಲ್ಲಿ ಕನ್ನಡವೂ ಇದೆ, ತಮಿಳೂ ಇದೆ. ತಾಳವಾಡಿಯಿಂದ ಕರೆ ಮಾಡುವವರು ಯಾವುದರಲ್ಲಿ ಬೇಕೆಂದು ಮೊದಲೇ ಹೇಳಿದರಾಯಿತು.